ಧರ್ಮಾದಾಯದ ಲೆಕ್ಕ: ಹಾವೇರಿ ಸೀಮೆಯ ಪೇಟೆಗಳೂ ಕಾಯಿದೆಯೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಾಲಕ್ಕಿ ಹಾರ, ಹತ್ತಿ ಮತ್ತು ಮೆಣಸಿನಕಾಯಿಗಳ ವರ್ಣನೆಯಿಂದ ಆರಂಭಿಸಿ, ರೈಲು ಬಂದುದನ್ನು ಹೇಳಿ, ಪೇಟೆ ಬೆಳೆಯಿತೆಂದು ಮುಗಿಸುತ್ತಾರೆ. ಪೇಟೆಯಲ್ಲಿ ಮಾಲು ಮಾರಿದ ರೈತನ ಕೈಗೆ ಬಂದ ಪಟ್ಟಿಯಲ್ಲಿ ಏನೇನು ಮುರಿದುಕೊಳ್ಳಲಾಗಿತ್ತು, ಮುರಿದುಕೊಂಡ ಹಣ ಎಲ್ಲಿಗೆ ಹೋಯಿತು ಎಂಬ ವಿಚಾರವನ್ನು ಅವರು ಎತ್ತುವುದಿಲ್ಲ. ಆದರೆ ಈ ಪ್ರಾಂತದಲ್ಲಿ ಒಂದೂವರೆ ಶತಮಾನದಿಂದ ಬಂದ ಮಾರುಕಟ್ಟೆ ಕಾಯಿದೆಗಳೆಲ್ಲವೂ ಆ ಪಟ್ಟಿಯ ಸುತ್ತಲೇ ಹುಟ್ಟಿದವು. ವರ್ತಕ ಸಮಾಜಕ್ಕೂ ದೇವಸ್ಥಾನಗಳ ಟ್ರಸ್ಟುಗಳಿಗೂ ಆ ಪಟ್ಟಿಯೊಡನೆ ಇರುವ ನಂಟು ಹೊರಗಿನವರು ತಿಳಿದುದಕ್ಕಿಂತ ಹತ್ತಿರದ್ದು.

ವ್ಯಾಪಾರದ ಮೇಲೆ ಧರ್ಮಕ್ಕಾಗಿ ಒಂದು ಪಾಲು ತೆಗೆಯುವ ವಾಡಿಕೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವರ್ತಕ ಸಂಘದವರು ತಮ್ಮ ನಡವಳಿಕೆಯ ಕಟ್ಟನ್ನು ಬಣಂಜುಧರ್ಮವೆಂದು ಕರೆದುಕೊಂಡರು. ಅವರೂ ಅವರಂಥ ಇತರ ಸಂಘಗಳೂ ದೇವಾಲಯಗಳಿಗೆ, ಬಸದಿಗಳಿಗೆ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ, ಅಂಗಡಿಗೆ ಇಷ್ಟು ಅಡಕೆ ಎಂದು ಬಿಟ್ಟುಕೊಟ್ಟ ದತ್ತಿಗಳು ನೂರಾರು ಶಾಸನಗಳಲ್ಲಿ ಉಳಿದಿವೆ. ಆ ಭಾರವನ್ನು ಕೊನೆಗೆ ಹೊತ್ತವನು ವರ್ತಕನೋ, ಗಿರಾಕಿಯೋ, ಒಕ್ಕಲಿಗನೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಆ ದತ್ತಿಯ ದರ ಊರ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ, ಕಲ್ಲಿನ ಮೇಲೆ ಕೊರೆದಿತ್ತು. ಯಾವ ದೇವಾಲಯಕ್ಕೆ, ಯಾವ ಮಾಲಿನ ಮೇಲೆ, ಎಷ್ಟು ಎಂಬುದನ್ನು ತಿಳಿಯಬಯಸಿದವನು ಹೋಗಿ ಓದಿಸಿಕೊಂಡು ಬರಬಹುದಾಗಿತ್ತು. ಮುಂದಿನ ಕಾಲದ ಧರ್ಮಾದಾಯಕ್ಕೆ ಈ ಗುಣ ಉಳಿಯಲಿಲ್ಲ.

ಈಗಿನ ಅರ್ಥದ ಮಾರುಕಟ್ಟೆ ಕಾಯಿದೆಯ ಕಥೆ ಹತ್ತಿಯಿಂದ ಆರಂಭವಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಅವುಗಳ ದೃಷ್ಟಿ ಮುಂಬಯಿ ಪ್ರಾಂತದ ಕಡೆಗೆ, ಅದರಲ್ಲಿಯೂ ಧಾರವಾಡ ಜಿಲ್ಲೆಯ ಎರೆಭೂಮಿಯ ಕಡೆಗೆ ಹೊರಳಿತು. ರೈಲು ಇನ್ನೂ ಬಾರದಿದ್ದ ಆ ಕಾಲದಲ್ಲಿ ಈ ಸೀಮೆಯ ಅರಳೆ ಎತ್ತಿನ ಮೇಲೆ, ಚಕ್ಕಡಿಯ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಆದ್ದರಿಂದಲೇ ಇಲ್ಲಿಯ ನಾಟಿ ಹತ್ತಿಗೆ ಪರದೇಶದ ಪೇಟೆಗಳಲ್ಲಿ ಕುಮಟಾ ಎಂಬ ಹೆಸರು ಬಿತ್ತು. ಬೆಲೆ ಏರಿದಂತೆ ಲೋಭವೂ ಏರಿತು. ಅಮೆರಿಕದ ಬೀಜದಿಂದ ಬೆಳೆದ ಉದ್ದ ಎಳೆಯ ಅರಳೆಗೆ ನಾಟಿ ಅರಳೆಯನ್ನು ಬೆರೆಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಬೀಜ ಕಸಗಳನ್ನು ಒಳಗಿಟ್ಟು ಅಂಡಿಗೆ ಕಟ್ಟುವುದು ನಡೆಯಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ವ್ಯಾಪಾರದಲ್ಲಿ ಮೋಸವನ್ನು ತಡೆಯುವ ಕಾಯಿದೆಯನ್ನು ತಂದು, ತಪಾಸಣೆಗೆ ಅಧಿಕಾರಿಗಳನ್ನು ನೇಮಿಸಿ, ಅದರ ಖರ್ಚಿಗೆ ಹತ್ತಿಯ ಮೇಲೆ ಶುಲ್ಕ ಹಾಕಿತು. ಆ ವ್ಯವಸ್ಥೆ ಬಹುಕಾಲ ನಿಲ್ಲಲಿಲ್ಲ. ಆದರೆ ಆ ಕಾಯಿದೆ ಕಾದದ್ದು ಮ್ಯಾಂಚೆಸ್ಟರಿನ ಗಿರಣಿದಾರನ ಹಿತವನ್ನು. ಹತ್ತಿ ಬೆಳೆದ ರಾಣೆಬೆನ್ನೂರಿನ ಒಕ್ಕಲಿಗನಿಗೆ ಸರಿಯಾದ ತೂಕ ಸಿಕ್ಕಿತೇ ಎಂದು ಯಾರೂ ಕೇಳಲಿಲ್ಲ. ಖರೀದಿದಾರ ಬಲಿಷ್ಠನಾದಾಗ ಕಾಯಿದೆ ಬೇಗ ಬರುತ್ತದೆ. ಮಾರುವವನು ದುರ್ಬಲನಾದಾಗ ಅದು ತಡವಾಗುತ್ತದೆ. ಇಲ್ಲಿ ತಡವಾದದ್ದು ಮುಕ್ಕಾಲು ಶತಮಾನ.

ಆ ಮುಕ್ಕಾಲು ಶತಮಾನದಲ್ಲಿ ರೈಲು ಬಂತು, ಅಡತಿ ಅಂಗಡಿಗಳು ಬೆಳೆದವು. ಅಡತಿಯವನು ಕೇವಲ ದಲಾಲನಾಗಿರಲಿಲ್ಲ. ಬಿತ್ತನೆಗೆ ಸಾಲ, ಮದುವೆಗೆ ಸಾಲ, ರಾತ್ರಿ ಚಕ್ಕಡಿ ಬಿಟ್ಟರೆ ಮಲಗಲು ಕಟ್ಟೆ, ಎತ್ತಿಗೆ ನೀರು, ಎಲ್ಲವೂ ಅವನಿಂದಲೇ. ಈ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಸರಕಾರಿ ವರದಿಗಳು ಅದನ್ನು ಬಹುಮಟ್ಟಿಗೆ ಅಲ್ಲಗಳೆದಿವೆ. ಆದರೆ ಅದೇ ಅಂಗಡಿಯಲ್ಲಿ ಧಾರಣೆ ನಿರ್ಧಾರವಾಗುತ್ತಿದ್ದ ಕ್ರಮವೇನು? ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ತಿಳಿಸುತ್ತಿದ್ದರು. ಮಾಲಿನ ಒಡೆಯ ಎದುರಿಗೇ ಕುಳಿತಿದ್ದರೂ ತನ್ನ ಮಾಲು ಏನು ಬೆಲೆಗೆ ಹೋಯಿತೆಂಬುದು ಅವನಿಗೆ ಕೊನೆಗೇ ತಿಳಿಯುತ್ತಿತ್ತು. ಮಣವೆಂಬುದು ಊರಿಂದೂರಿಗೆ, ಮಾಲಿನಿಂದ ಮಾಲಿಗೆ ಬೇರೆಯಾಗಿತ್ತು. ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿ, ಸೂಟು, ಮಾದರಿಗೆಂದು ತೆಗೆದ ಹಿಡಿ, ಇವೆಲ್ಲ ಕಳೆದ ಮೇಲೆ ಕೆಳಗೊಂದು ಸಾಲು ಇರುತ್ತಿತ್ತು: ಧರ್ಮಾದಾಯ.

ಧರ್ಮಾದಾಯದಿಂದ ಆದ ಸತ್ಕಾರ್ಯಗಳು ಸಣ್ಣವಲ್ಲ. ಪೇಟೆಯ ಊರುಗಳಲ್ಲಿ ಪಾಠಶಾಲೆ, ಧರ್ಮಶಾಲೆ, ಪಾಂಜರಪೋಳ, ಅರವಟ್ಟಿಗೆ, ಜಾತ್ರೆಯ ದಾಸೋಹಗಳಿಗೆ ಆ ಹಣ ಹರಿದಿದೆ. ಎಲ್ಲ ಮತದ ದೇವಸ್ಥಾನಗಳಿಗೂ, ಬಸದಿಗಳಿಗೂ ಸಂದಿದೆ. ಆದರೆ ಅದು ಯಾರ ಹಣ? ಪಟ್ಟಿಯಲ್ಲಿ ರೈತನ ಬೆಲೆಯಿಂದ ಕಳೆದದ್ದು. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುವ ಧೈರ್ಯವೂ ಸಾಲಗಾರನಾದ ಅವನಿಗೆ ಇರಲಿಲ್ಲ. ಹೀಗೆ ಕೂಡಿದ ಹಣ ದೇವಸ್ಥಾನದ ಗೋಡೆಯ ಮೇಲೆ ಶಿಲಾಫಲಕವಾದಾಗ ಅಲ್ಲಿ ಕೊರೆಯಲ್ಪಟ್ಟದ್ದು ಅಂಗಡಿಯ ಹೆಸರು.

1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್ನು ಇಂಥ ಕಡಿತಗಳನ್ನೂ ಬಟ್ಟೆಯ ಮರೆಯ ವ್ಯಾಪಾರವನ್ನೂ ಖಂಡಿಸಿ, ವರ್ಹಾಡ ಪ್ರಾಂತದಲ್ಲಿ 1897ರಿಂದ ನಡೆದಿದ್ದ ನಿಯಂತ್ರಿತ ಮಾರುಕಟ್ಟೆಗಳ ಮಾದರಿಯನ್ನು ದೇಶಕ್ಕೆಲ್ಲ ಶಿಫಾರಸು ಮಾಡಿತು. ಮುಂಬಯಿ ಪ್ರಾಂತ ಅದಕ್ಕೂ ಮೊದಲೇ, 1927ರಲ್ಲಿ, ಹತ್ತಿ ಮಾರುಕಟ್ಟೆಗಳ ಕಾಯಿದೆಯನ್ನು ಮಾಡಿತ್ತು. 1939ರಲ್ಲಿ ಎಲ್ಲ ಕೃಷಿ ಹುಟ್ಟುವಳಿಗಳಿಗೂ ಅನ್ವಯಿಸುವ ಕಾಯಿದೆ ಬಂತು. ಬಹಿರಂಗ ಸವಾಲು, ಪರವಾನಗಿ ಪಡೆದ ತೂಕದವನು, ಗೊತ್ತುಪಡಿಸಿದ ಖರ್ಚುಗಳ ಹೊರತು ಬೇರೆ ಕಡಿತವಿಲ್ಲ ಎಂಬ ನಿಯಮ, ಆಡಳಿತದಲ್ಲಿ ಒಕ್ಕಲಿಗರ ಪ್ರತಿನಿಧಿಗಳು: ಇವು ಅದರ ಮುಖ್ಯ ಅಂಶಗಳು. 1956ರ ಕೇಂದ್ರ ಕಾಯಿದೆಯ ಮೇರೆಗೆ ಕಿಲೋಗ್ರಾಮು, ಕ್ವಿಂಟಲುಗಳು ಬಂದು ಮಣದ ಗೊಂದಲವನ್ನು ಕ್ರಮೇಣ ತೆಗೆದವು.

ಧರ್ಮಾದಾಯದ ವಿಷಯದಲ್ಲಿ ಕಾಯಿದೆ ಇನ್ನೊಂದು ಬಾಗಿಲಿನಿಂದ ಬಂತು. ಆಗ ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬಯಿ ರಾಜ್ಯದಲ್ಲಿ 1950ರಲ್ಲಿ ಸಾರ್ವಜನಿಕ ನ್ಯಾಸಗಳ ಕಾಯಿದೆಯಾಯಿತು. ಪೇಟೆಯ ರೂಢಿಯಂತೆ ಧರ್ಮಾದಾಯವೆಂದು ಎತ್ತಿದ ಹಣ ಎತ್ತಿದವನ ಸ್ವತ್ತಲ್ಲ, ಅವನು ಅದಕ್ಕೆ ನ್ಯಾಸಧಾರಿ ಮಾತ್ರ, ಆದ್ದರಿಂದ ವರ್ಷಾಂತ್ಯದಲ್ಲಿ ಚಾರಿಟಿ ಕಮಿಷನರರ ಕಚೇರಿಗೆ ಅದರ ಲೆಕ್ಕ ಒಪ್ಪಿಸಬೇಕು ಎಂದು ಅದರ 54ನೆಯ ಕಲಮು ವಿಧಿಸಿತು. ದೇವಸ್ಥಾನದ ನೋಂದಣಿಗಾಗಿ ಆ ಕಾಯಿದೆಯನ್ನು ಬಲ್ಲವರು ಬಹಳ. ಈ ಒಂದು ಕಲಮನ್ನು ಬಲ್ಲವರು ವಿರಳ. ಸರ್ವೋಚ್ಚ ನ್ಯಾಯಾಲಯ ಹಾಥರಸದ ಬಿಜಲಿ ಕಾಟನ್ ಮಿಲ್ಲಿನ ಪ್ರಕರಣದಲ್ಲಿ, 1979ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ, ಗಿರಾಕಿಗಳಿಂದ ಬಿಲ್ಲಿನಲ್ಲಿ ಬೇರೆಯಾಗಿ ಧರ್ಮಾದಾಯವೆಂದು ಎತ್ತಿದ ಹಣ ವ್ಯಾಪಾರದ ಆದಾಯವಲ್ಲವೆಂದು ಹೇಳಿ ಆದಾಯ ತೆರಿಗೆಯಿಂದ ಅದನ್ನು ಹೊರಗಿಟ್ಟಿತು. ವರ್ತಕ ವಲಯದಲ್ಲಿ ಈ ತೀರ್ಪು ಸ್ವಾಗತಾರ್ಹವಾದದ್ದು ಸಹಜ. ಆದರೆ ತೀರ್ಪಿನ ತರ್ಕವನ್ನು ಪೂರ್ತಿ ಓದಿಕೊಳ್ಳಬೇಕು. ತೆರಿಗೆ ಇಲ್ಲದ್ದು ಆ ಹಣ ವರ್ತಕನದಲ್ಲ ಎಂಬ ಕಾರಣಕ್ಕೆ. ತೆರಿಗೆಯ ಹೊತ್ತಿಗೆ ತನ್ನದಲ್ಲದ ಹಣ ಶಿಲಾಫಲಕದ ಹೊತ್ತಿಗೆ ತನ್ನದಾಗುವುದೆಂತು?

ಈ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಉತ್ತರ ಮೊದಲೇ ಇದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಮೂರು ನೇರವಾಗಿ ಪೇಟೆಗೆ ಸಂಬಂಧಿಸಿದವು. ಹೀನಾಧಿಕಮಾನೋನ್ಮಾನವೆಂದರೆ ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು. ಪ್ರತಿರೂಪಕವ್ಯವಹಾರವೆಂದರೆ ಒಂದನ್ನು ತೋರಿ ಅದರಂತೆ ಕಾಣುವ ಮತ್ತೊಂದನ್ನು ಮಾರುವುದು. ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. 1863ರ ಕಾಯಿದೆ ಎರಡನೆಯದನ್ನೂ 1939ರ ಕಾಯಿದೆ ಮೊದಲನೆಯದನ್ನೂ ತಡೆಯಹೊರಟವು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಬಂದುದೂ ಪ್ರತಿರೂಪಕವ್ಯವಹಾರಕ್ಕೆ ಕಟ್ಟಿದ ಬೇಲಿಯೇ. ಖಾರ ಕಡಿಮೆ, ಬಣ್ಣ ಗಾಢವಾದ ಡಬ್ಬಿ ಮತ್ತು ಕಡ್ಡಿ ಕಾಯಿಯ ಹೆಸರಿನಲ್ಲಿ ಗುಂಟೂರಿನ ಜಾತಿಯ ಕಾಯಿಯನ್ನು ಸಾಗಿಸಬಾರದೆಂಬುದು ಅದರ ತಾತ್ಪರ್ಯ. ಶಾಸ್ತ್ರಕಾರರು ರಾಜನ ಕಟ್ಟಳೆ ಮೀರುವುದನ್ನು ಕಳವಿನ ಸಾಲಿನಲ್ಲಿ ಇರಿಸಿದ್ದಾರೆಂಬುದನ್ನು, ಮಾರುಕಟ್ಟೆ ಕಾಯಿದೆಯನ್ನು ಸರಕಾರದ ಕಿರುಕುಳವೆಂದಷ್ಟೇ ಎಣಿಸುವ ಬಾಂಧವರು ಗಮನಿಸಬೇಕು.

ಕಿರುಕುಳ ಇಲ್ಲವೇ ಇಲ್ಲವೆಂದಲ್ಲ. ಏಕೀಕರಣದ ನಂತರ ಬೇರೆ ಬೇರೆ ಪ್ರಾಂತಗಳ ಕಾಯಿದೆಗಳನ್ನು ಒಂದುಗೂಡಿಸಿ 1966ರಲ್ಲಿ ಮಾಡಿದ ಕೃಷಿ ಉತ್ಪನ್ನ ಮಾರಾಟ ನಿಯಂತ್ರಣ ಕಾಯಿದೆ 1968ರ ಮೇ 1ರಂದು ಜಾರಿಗೆ ಬಂತು. ಎ.ಪಿ.ಎಂ.ಸಿ. ಎಂದು ಎಲ್ಲರ ಬಾಯಲ್ಲಿರುವ ಸಮಿತಿಗಳು ಇದರ ಕೂಸು. ಸಮಿತಿಯಲ್ಲಿ ಒಕ್ಕಲಿಗರ ಬಹುಮತ, ವರ್ತಕರ ಪ್ರತಿನಿಧಿ, ಚುನಾವಣೆ, ಇವೆಲ್ಲ ಕಾಗದದಲ್ಲಿ ಉತ್ತಮವೇ. ನಡೆದದ್ದು ಬೇರೆ. ಸಮಿತಿಯ ಚುನಾವಣೆ ವಿಧಾನಸಭೆಯ ಚುನಾವಣೆಯ ತಾಲೀಮಾಯಿತು. ಅವಧಿ ಮುಗಿದ ಸಮಿತಿಗಳಿಗೆ ಆಡಳಿತಾಧಿಕಾರಿಯನ್ನು ನೇಮಿಸಿ, ಚುನಾವಣೆಯನ್ನು ಮುಂದೂಡುವ ಚಟಕ್ಕೆ ಯಾವ ಪಕ್ಷದ ಸರಕಾರವೂ ಹೊರತಾಗಲಿಲ್ಲ. ಶುಲ್ಕದ ಹಣದಿಂದ ಕಚೇರಿ, ಗೋದಾಮು, ರಸ್ತೆಗಳಾದವು. ತೂಕದ ತಪಾಸಣೆಗೆ, ಪಟ್ಟಿಯ ತಪಾಸಣೆಗೆ ಅಷ್ಟೇ ಆಸ್ಥೆ ಕಾಣಲಿಲ್ಲ. ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನಿಂದ ಮುರಿದುಕೊಳ್ಳಬಾರದೆಂಬ ನಿಯಮವಿದ್ದೂ, ರಾಜ್ಯದ ಹಲವು ಪೇಟೆಗಳಲ್ಲಿ ಬಿಳಿ ಚೀಟಿಯ ವ್ಯವಹಾರ ಬಹುಕಾಲ ನಡೆಯಿತು. ಬಿಳಿ ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, ಪರವಾನಗಿಯ ಸಂಖ್ಯೆಯಿಲ್ಲ. ಕಡಿತ ಮಾತ್ರ ಇದೆ. ಬಟ್ಟೆಯ ಮರೆ ಹೋಗಿ ಕಾಗದದ ಮರೆ ಬಂದಂತಾಯಿತು. ಇದನ್ನು ಮಾಡಿದವರು ಕೆಲವರು; ಹೆಸರು ಕೆಟ್ಟದ್ದು ಎಲ್ಲರದು.

ಮರೆಯಲ್ಲಿಟ್ಟ ಲೆಕ್ಕದ ಬೆಲೆಯನ್ನು ಈ ಜಿಲ್ಲೆ ಎರಡು ಬಾರಿ ತೆತ್ತಿದೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆದ ಹನ್ನೊಂದನೆಯ ವರ್ಷ, 2008ರ ಜೂನ್ 10ರಂದು, ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಹಾವೇರಿಯಲ್ಲಿ ಪ್ರತಿಭಟನೆಗಿಳಿದ ರೈತರ ಮೇಲೆ ಗೋಲಿಬಾರು ನಡೆಯಿತು. ಗುಂಡೇಟಿನಿಂದ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಹೊಸ ಸರಕಾರ ಅಧಿಕಾರಕ್ಕೆ ಬಂದು ಎರಡು ವಾರವೂ ಆಗಿರಲಿಲ್ಲ. ಯಾವ ಪಕ್ಷದ ತಪ್ಪು, ಯಾರ ಆಜ್ಞೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಜೂನ್ 10 ಬಂದಾಗ ರೈತ ಸಂಘಟನೆಗಳವರು ಹುತಾತ್ಮರನ್ನು ಸ್ಮರಿಸಿದರು. ಅಂದಿನ ಚರ್ಚೆಯಲ್ಲಿ ಕಡಿಮೆ ಕೇಳಿಬಂದ ವಿಷಯವೊಂದಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಗೊಬ್ಬರ ಮಾರುವ ಅಂಗಡಿಯವನು ತನ್ನಲ್ಲಿರುವ ದಾಸ್ತಾನನ್ನೂ ಬೆಲೆಯನ್ನೂ ಫಲಕದ ಮೇಲೆ ಬರೆದು ತೋರಿಸಬೇಕು. ದಾಸ್ತಾನು ನಿಜವಾಗಿಯೂ ಇಲ್ಲದಿದ್ದರೆ ಫಲಕ ಅದನ್ನು ಹೇಳುತ್ತದೆ. ಇದ್ದರೆ ಅದನ್ನೂ ಹೇಳುತ್ತದೆ. ಜನ ಫಲಕವನ್ನು ನಂಬುವ ಸ್ಥಿತಿ ಇಲ್ಲದಿದ್ದಲ್ಲಿ ಪ್ರತಿ ಮುಚ್ಚಿದ ಬಾಗಿಲೂ ಗೋದಾಮಿನಂತೆ ಕಾಣುತ್ತದೆ. ಪೊಲೀಸರು ಗುಂಡು ಹಾರಿಸಿದ್ದಕ್ಕೆ ಇದು ಸಮರ್ಥನೆಯಲ್ಲ. ಮನುಷ್ಯನ ಜೀವಕ್ಕೆ ಗೊಬ್ಬರದ ಕೊರತೆ ಬೆಲೆಯಾದದ್ದು ಹಿಂಸೆಯೇ, ಅದನ್ನು ಬೇರೆ ಹೆಸರಿನಿಂದ ಕರೆಯಲಾಗದು.

ಎರಡನೆಯ ಪ್ರಸಂಗಕ್ಕೆ ಬರುವ ಮೊದಲು 2020ರ ತಿದ್ದುಪಡಿಯನ್ನು ನೆನೆಯಬೇಕು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯ ಮೂಲಕ ಮಾರುಕಟ್ಟೆ ಸಮಿತಿಯ ಅಧಿಕಾರವನ್ನು ಪ್ರಾಂಗಣದ ಗೋಡೆಯೊಳಕ್ಕೆ ಸೀಮಿತಗೊಳಿಸಿತು. ಜೂನ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆಗಳು, ಸೆಪ್ಟೆಂಬರಿನಲ್ಲಿ ಮೂರು ಕಾಯಿದೆಗಳು ಬಂದವು. ಪ್ಯಾನ್ ಸಂಖ್ಯೆಯುಳ್ಳ ಯಾರೇ ಆಗಲಿ ಪ್ರಾಂಗಣದ ಹೊರಗೆ ಮಾಲು ಕೊಳ್ಳಬಹುದಾಯಿತು. 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅವುಗಳ ಜಾರಿಯನ್ನು ತಡೆಹಿಡಿಯಿತು, ನವೆಂಬರಿನಲ್ಲಿ ಸಂಸತ್ತು ಅವನ್ನು ಹಿಂಪಡೆಯಿತು. ರಾಜ್ಯದ ತಿದ್ದುಪಡಿ ಮಾತ್ರ ಉಳಿಯಿತು. 2023ರ ಜುಲೈಯಲ್ಲಿ ಅದನ್ನು ತೆಗೆದುಹಾಕುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟರೆ, ವಿಧಾನ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳುಹಿಸಿತು. ಒಂದು ಪಕ್ಷ ಗೋಡೆ ಕೆಡವಿತು, ಇನ್ನೊಂದು ಕಟ್ಟಹೊರಟಿತು. ಎರಡೂ ಪಕ್ಷಗಳು ರೈತನ ಹೆಸರನ್ನೇ ಹೇಳಿದವು. ರೈತ ತನಗೆ ಬೇಕಾದವನಿಗೆ ಮಾರುವ ಸ್ವಾತಂತ್ರ್ಯ ತಪ್ಪಲ್ಲ. ಅಹಿಂಸಾಧರ್ಮದವನು ಬಲವಂತವನ್ನು ಸಮರ್ಥಿಸಲಾರ. ತಪ್ಪಿದ್ದು ಇಲ್ಲಿ: ಹೊರಗಿನ ವ್ಯಾಪಾರದಲ್ಲಿ ಯಾವ ತೂಕ, ಯಾವ ಧಾರಣೆ, ಏನು ಕಡಿತ ಎಂಬುದನ್ನು ಬರೆದಿಡುವ, ಕೇಳಿದವನಿಗೆ ತೋರಿಸುವ ಏರ್ಪಾಟನ್ನು ಯಾರೂ ಮಾಡಲಿಲ್ಲ. ಒಳಗಿನ ವರ್ತಕ ಶುಲ್ಕ ಕೊಟ್ಟು ಲೆಕ್ಕ ಬರೆಯಬೇಕು, ಹೊರಗಿನವನು ಎರಡೂ ಇಲ್ಲದೆ ನಡೆಯಬಹುದು ಎಂದಾಗ ನಷ್ಟವಾಗುವುದು ಪ್ರಾಮಾಣಿಕನಿಗೆ.

ಬ್ಯಾಡಗಿಯ ಪೇಟೆ ಈ ಕಾಲದಲ್ಲಿಯೂ ಕುಗ್ಗಲಿಲ್ಲ. ಸೋಮವಾರ, ಗುರುವಾರಗಳಂದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಗಳಿಂದ ಸಹ ಲಕ್ಷಗಟ್ಟಲೆ ಚೀಲ ಬರತೊಡಗಿದವು. ಸವಾಲಿನ ಕೂಗು ಹೋಗಿ ಇ-ಟೆಂಡರು ಬಂದಿತ್ತು: ಪ್ರತಿ ರಾಶಿಗೆ ಒಂದು ಸಂಖ್ಯೆ, ಖರೀದಿದಾರರು ನಿಗದಿತ ವೇಳೆಯೊಳಗೆ ಗಣಕಯಂತ್ರದಲ್ಲಿ ದರ ನಮೂದಿಸುವುದು, ಹೆಚ್ಚಿನ ದರ ಪ್ರಕಟವಾಗುವುದು, ಒಪ್ಪದಿದ್ದರೆ ರೈತ ನಿರಾಕರಿಸುವುದು. ಬೆರಳು ಹಿಡಿದ ಕಾಲಕ್ಕೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ಮೇಲು. ಆದರೂ 2024ರ ಮಾರ್ಚ್ 11ರ ಸೋಮವಾರ ದರ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ಗುಂಪು ಸಮಿತಿಯ ಕಚೇರಿಗೆ ನುಗ್ಗಿ ಬೆಂಕಿಯಿಟ್ಟಿತು; ವಾಹನಗಳು ಸುಟ್ಟವು, ಬೆಂಕಿ ಆರಿಸಲು ಬಂದ ಅಗ್ನಿಶಾಮಕದ ವಾಹನವೂ ಸುಟ್ಟಿತು. ಆವಕ ಹೆಚ್ಚಿತ್ತು, ಕಾಯಿಯಲ್ಲಿ ತೇವವಿತ್ತು ಎಂದು ವರ್ತಕರು ಹೇಳಿದರು. ಹೇಳಿದ್ದು ಸುಳ್ಳೆನ್ನಲು ಆಧಾರವಿಲ್ಲ. ಆದರೆ ಅದನ್ನು ಮಾಲು ಇಳಿಸುವ ಮೊದಲು ಹೇಳಬಹುದಾಗಿತ್ತು. ಪರದೆಯ ಮೇಲೆ ದರ ಕಾಣುತ್ತದೆ. ದರದ ಹಿಂದಿನ ಕಾರಣ, ಶೀತಲಗೃಹಗಳಲ್ಲಿರುವ ದಾಸ್ತಾನು, ತೇವದ ಪ್ರಮಾಣ ಕಾಣುವುದಿಲ್ಲ. ಇನ್ನೂರು ಮೈಲಿಯಿಂದ ಲಾರಿ ಬಾಡಿಗೆ ಕೊಟ್ಟು ಬಂದವನಿಗೆ ನಿರಾಕರಿಸುವ ಹಕ್ಕು ಹೆಸರಿಗೆ ಮಾತ್ರ. ಬೆಂಕಿಯಿಟ್ಟವರ ಕೃತ್ಯ ಖಂಡನೀಯ; ತಮ್ಮ ಮಾಲಿನ ತೂಕಕ್ಕೂ ಬೆಲೆಗೂ ಸಾಕ್ಷಿಯಾದ ಕಾಗದಗಳಿರುವ ಕಚೇರಿಗೇ ಅವರು ಬೆಂಕಿಯಿಟ್ಟರೆಂಬುದು ಇನ್ನೂ ಖೇದಕರ. ಆ ಕಾಗದ ತಮ್ಮ ಪರವಾಗಿದೆಯೆಂದು ಅವರಿಗೆ ಅನಿಸಲಿಲ್ಲವೇಕೆ ಎಂಬುದನ್ನು ಮಾತ್ರ ಪೊಲೀಸ್ ಪ್ರಕರಣಗಳು ಹೇಳಲಾರವು.

ಇದರಲ್ಲಿ ಟ್ರಸ್ಟುಗಳ ಕೆಲಸವೂ ಒಂದಿದೆ, ಅದು ಸರಕಾರವನ್ನು ಕಾಯಬೇಕಾದ ಕೆಲಸವಲ್ಲ. ಅಂಗಡಿಯಿಂದ ದೇಣಿಗೆ ಬಂದಾಗ ರೋಕಡಿ ಪುಸ್ತಕದಲ್ಲಿ ಒಂದೇ ಖಾತೆಗೆ ಜಮಾ ಮಾಡುವ ಬದಲು ಎರಡು ಖಾತೆ ತೆರೆಯುವುದು ಲೆಕ್ಕಪತ್ರದ ದೃಷ್ಟಿಯಿಂದ ಕಠಿಣವಲ್ಲ. ದಾನಿಯ ಸ್ವಂತ ದ್ರವ್ಯ ಒಂದು, ವ್ಯಾಪಾರದಲ್ಲಿ ಧರ್ಮಾದಾಯವೆಂದು ಇತರರಿಂದ ಕೂಡಿಸಿದ ದ್ರವ್ಯ ಮತ್ತೊಂದು. 2021-22ರ ಹಣಕಾಸು ವರ್ಷದಿಂದ ತೆರಿಗೆ ರಿಯಾಯಿತಿಯ ಮಾನ್ಯತೆ ಪಡೆದ ಟ್ರಸ್ಟುಗಳು ದಾನಿಗಳ ಹೆಸರು, ಮೊತ್ತಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಕ್ರಮ ಬಂದಿತು. ಆಗ ಎರಡನೆಯ ಬಗೆಯ ಹಣಕ್ಕೆ ಯಾರ ಹೆಸರು ಬರೆಯಬೇಕೆಂಬ ತೊಡಕು ಹಲವು ಲೆಕ್ಕಪರಿಶೋಧಕರಿಗೆ ಎದುರಾಗಿರಬೇಕು. ಅಂಗಡಿಯ ಹೆಸರಿನಲ್ಲಿ ರಸೀದಿ ಹರಿದರೆ ತನ್ನದಲ್ಲದ ಹಣಕ್ಕೆ ವರ್ತಕ ರಿಯಾಯಿತಿ ಪಡೆದಂತಾಗುತ್ತದೆ. ರೈತನಿಂದ ಕಡಿತವಾದದ್ದಾದರೆ ಅದನ್ನು ಟ್ರಸ್ಟು ಸ್ವೀಕರಿಸಲೇಬಾರದು, ಪಟ್ಟಿಯಲ್ಲಿ ಆ ಸಾಲಿಗೆ ಕಾಯಿದೆಯ ಸಮ್ಮತಿಯಿಲ್ಲ. ಖರೀದಿದಾರರು ತಿಳಿದು ಒಪ್ಪಿ ಕೊಟ್ಟದ್ದಾದರೆ ಸ್ವೀಕರಿಸಬಹುದು, ಆದರೆ ರಸೀದಿಯಲ್ಲಿ ಬ್ಯಾಡಗಿ ಪೇಟೆಯ ಖರೀದಿದಾರರಿಂದ ಇಂಥವರ ಮೂಲಕ ಎಂದಿರಬೇಕು. ಹೊಸ ಶಿಲಾಫಲಕ ಕೊರೆಯಿಸುವ ಟ್ರಸ್ಟುಗಳು ಅದೇ ಒಕ್ಕಣೆಯನ್ನು ಕಲ್ಲಿಗೂ ಬಳಸಬಹುದು. ಅಯ್ಯಾವೊಳೆಯವರ ಕಲ್ಲುಗಳಲ್ಲಿ ಯಾವ ಮಾಲಿನಿಂದ ಎಷ್ಟು ಬಂತೆಂಬುದೂ ಇರುತ್ತಿತ್ತು.